ಇನ್ನೂ ಕೊಟ್ಟಿಲ್ಲ

ನರೇಗಲ್ಲ
೧೯ ನವೆಂಬರ್ ೧೯೮೪

ಬೀಗತಿ ಕಲಾವತಿಯವರಿಗೆ ಲಕ್ಷ್ಮವ್ವನ ಶರಣು.

ಗುಡಿಯಲ್ಲಿ ಕಾರ್ತೀಕದ ದೀಪ ಹಚ್ಚಿ ಬಂದು ಈ ಕಾಗದ ಬರೆಯಲು ಕುಳಿತಿದ್ದೇನೆ. ಬರೆಯುವುದೋ ಬೇಡವೋ ಎಂದು ದಸರೆಯಿಂದ ತೂಗುತ್ತಿದ್ದೆ. ಇನ್ನು ತೂಗಿ ಫಲವಿಲ್ಲ.

ನಿಮ್ಮ ಮಗ ರುದ್ರಪ್ಪ ಶಿವನ ಪಾದ ಸೇರಿ ವರ್ಷ ದಾಟಿತು. ಅಂಥ ಗಟ್ಟಿ ಹುಡುಗ ಕಾಮಾಲೆಗೆ ಹೋದನೆಂದರೆ ಇಲ್ಲಿಯ ಮಂದಿ ಇನ್ನೂ ನಂಬುವುದಿಲ್ಲ. ನನ್ನ ಮಗಳು ವಿಮಲಾ ನಿಮ್ಮ ಮನೆಯಲ್ಲಿಯೇ ಉಳಿದಳು. ನೀವು ಅವಳಿಗೆ ಒಂದು ಮಾತು ಅಂದವರಲ್ಲ, ಅದನ್ನು ನಾನು ಎಲ್ಲರ ಮುಂದೆ ಹೇಳುತ್ತೇನೆ. ಆದರೆ ಅವಳಿಗೆ ಈಗ ಇಪ್ಪತ್ತಮೂರು. ಮುಂದೆ ಹೇಗೆ?

ರೋಣದಲ್ಲಿ ಗುಂಡಪ್ಪ ಎಂಬ ಮಾಸ್ತರ ಇದ್ದಾನೆ. ಹೆಂಡತಿ ಬಾಣಂತಿತನದಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಮನೆತನ ನಮ್ಮ ಪೈಕಿಯೇ. ಅವರಾಗಿಯೇ ಕೇಳಿ ಕಳಿಸಿದ್ದಾರೆ. ನಮ್ಮಲ್ಲಿ ಉಡಕಿ ಹೊಸದಲ್ಲ, ನಿಮಗೂ ಗೊತ್ತು. ಗಂಡ ಸತ್ತವಳು ಮತ್ತೊಂದು ಮನೆ ಸೇರಬೇಕಾದರೆ ಮೊದಲ ಮನೆಯ ಅತ್ತೆ ತನ್ನ ಕೈಯಾರೆ ಸೀರೆ ಉಡಿಸಿ ಕಳಿಸಬೇಕು. ಆಕೆ ಉಡಿಸದಿದ್ದರೆ ಉಡಕಿಯಿಲ್ಲ. ಹೆತ್ತವಳಾದರೂ ಈ ವಿಷಯದಲ್ಲಿ ನನ್ನ ಕೈ ನಡೆಯುವುದಿಲ್ಲ. ನಿಮ್ಮ ಹೂಂ ಬೇಕು.

ಆ ಹೂಂ ಬರುವ ತನಕ ವಿಮಲಾಳಿಗೆ ಹೇಳಬೇಡಿರಿ. ಆಸೆ ಹಚ್ಚಿ ಕೈಬಿಟ್ಟಂತಾಗಬಾರದು.

ಹಿರಿಯರಿಗೆ ಶರಣು ತಿಳಿಸಿರಿ.

ಉತ್ತರದ ದಾರಿ ನೋಡುವ
ಲಕ್ಷ್ಮವ್ವ


ಪ್ರತಾಪ ನಗರ, ನಾಗಪುರ
೧೬ ಡಿಸೆಂಬರ್ ೧೯೮೪

ಲಕ್ಷ್ಮವ್ವನವರಿಗೆ ಕಲಾವತಿಯ ಶರಣು.

ನಿಮ್ಮ ಕಾಗದ ಮುಟ್ಟಿ ಬಹಳ ದಿನವಾಯಿತು. ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ವಾಡಿಕೆ. ನಾನು ಇದ್ದೇವೆ ಎಂದು ಬರೆಯುತ್ತೇನೆ. ಇದ್ದೇವೆ.

ಇಲ್ಲಿ ಥಂಡಿ ಜೋರಾಗಿದೆ. ಕಿತ್ತಳೆ ಹಣ್ಣು ಗಾಡಿ ಗಾಡಿ ಬರುತ್ತಿದೆ. ನಮ್ಮವರು ರೈಲ್ವೆ ಆಫೀಸಿಗೆ ಹೋಗುತ್ತಾರೆ, ಬರುತ್ತಾರೆ. ಬಂದ ಮೇಲೆ ರೇಡಿಯೋ ಮುಂದೆ ಕೂಡುತ್ತಾರೆ. ರೇಡಿಯೋ ಹಚ್ಚುವುದಿಲ್ಲ, ಅದರ ಮುಂದೆ ಕೂಡುತ್ತಾರೆ ಅಷ್ಟೆ. ಮೂವರೂ ಉಣ್ಣುವಾಗ ತಾಟಿನ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಮಾತು ಮುಗಿದಿದೆ, ಅಂಗಡಿಯಲ್ಲಿ ಸಕ್ಕರೆ ಮುಗಿದ ಹಾಗೆ.

ನಾನು ಮುಂಜಾನೆಯ ಲಿಂಗಪೂಜೆ ತಪ್ಪಿಸಿಲ್ಲ. ಕೈ ಪೂಜೆ ಮಾಡುತ್ತದೆ, ಮನಸ್ಸು ಪಕ್ಕದಲ್ಲಿ ಕುಳಿತು ನೋಡುತ್ತದೆ. ಶಿವನಿಗೆ ಗೊತ್ತಾಗಿರಬೇಕು, ಏನೂ ಅಂದಿಲ್ಲ. ಮೊದಮೊದಲು ಅಳು ಬರುತ್ತಿತ್ತು. ಈಗ ಅದೂ ಬರುವುದಿಲ್ಲ. ಹಾಲು ಉಕ್ಕಿ ಚೆಲ್ಲಿದರೂ ಅಷ್ಟೆ, ಯಾರಾದರೂ ಮಗನ ಹೆಸರು ಎತ್ತಿದರೂ ಅಷ್ಟೆ.

ವಿಮಲಾ ಸ್ವೆಟರ್ ಹೆಣೆಯುವುದನ್ನು ಕಲಿತಿದ್ದಾಳೆ. ಅವಳ ಮಾವನಿಗೆ ಒಂದು ಮುಗಿಸಿ ನನಗೊಂದು ಹಿಡಿದಿದ್ದಾಳೆ. ಅವಳಿಗೆ ನಿದ್ದೆ ಕಡಿಮೆ. ನಾನು ಯಾವಾಗ ಎದ್ದರೂ ಅವಳು ಎದ್ದೇ ಇರುತ್ತಾಳೆ. ಏನವ್ವಾ ಎಂದರೆ, "ಏನಿಲ್ರಿ ಅತ್ತಿ, ನೀರ ಬರತಾವಂತ ಎದ್ದೆ" ಅನ್ನುತ್ತಾಳೆ. ನೀರು ಬರುವುದು ಬೆಳಗಾದ ಮೇಲೆ.

ಕಾಮಠಿಯ ಪೊನ್ನಮ್ಮನ ವಿಷಯ ಹಿಂದೆ ಬರೆದಿದ್ದೆನೋ ಇಲ್ಲವೋ. ಕೊಡಗಿನವಳು, ಗಂಡ ಉತ್ತಪ್ಪ ಮಿಲಿಟರಿಯಲ್ಲಿ ಸುಬೇದಾರ. ಒಮ್ಮೆ ಬಜಾರಿನಲ್ಲಿ ನಾನು ವಿಮಲಾಳ ಜೊತೆ ಕನ್ನಡ ಮಾತಾಡಿದ್ದು ಕೇಳಿ, ಹಿಂದಿನಿಂದ ಬಂದು ಸೆರಗು ಹಿಡಿದು ನಿಲ್ಲಿಸಿದವಳು. ಅಂದಿನಿಂದ ಬಿಟ್ಟಿಲ್ಲ. ಜನವರಿಯಲ್ಲಿ ಎರಡು ದಿನ ಗಾಯನವಿದೆಯಂತೆ, ಮಹಾಲ್ ಎಂಬ ಇಲ್ಲಿಯ ಹಳೆಯ ಪೇಟೆಯಲ್ಲಿ, ಒಂದು ದೊಡ್ಡ ವಾಡೆಯಲ್ಲಿ. ರಾಮಟೇಕದ ಗುಡಿಗೂ ಹೋಗಿ ಬರೋಣ ಅನ್ನುತ್ತಾಳೆ. "ಮನೇಲಿ ಕೂತು ಏನ್ ಮಾಡ್ತೀರಾ ಅಕ್ಕ, ಗೋಡೆಗೆ ಸುಣ್ಣನಾ?" ಎಂದಳು. ನನಗೆ ಹೋಗುವ ಮನಸ್ಸೂ ಇಲ್ಲ, ಬೇಡವೆನ್ನುವ ಮನಸ್ಸೂ ಇಲ್ಲ. ಆಗಲಿ ಎಂದೆ.

ನೀವು ಬರೆದ ವಿಷಯ ಓದಿದ್ದೇನೆ.

ಇಂತು,
ಕಲಾವತಿ


ನರೇಗಲ್ಲ
೯ ಜನವರಿ ೧೯೮೫

ಕಲಾವತಿಯವರಿಗೆ ಶರಣು.

ನಿಮ್ಮ ಕಾಗದ ಎರಡು ಸಲ ಓದಿದೆ, ನನ್ನ ಕಣ್ಣಿಗೇನಾದರೂ ತಪ್ಪಿತೋ ಎಂದು. ಕೊನೆಗೆ ಓದಿದ್ದೇನೆ ಎಂದಷ್ಟೇ ಇದೆ. ಓದಿ ಏನೆಂದುಕೊಂಡಿರಿ ಎಂಬುದಿಲ್ಲ.

ಗುಂಡಪ್ಪ ಮಾಸ್ತರನ ಕಡೆಯವರು ಯುಗಾದಿಯ ತನಕ ಕಾಯುತ್ತಾರಂತೆ. ಆಮೇಲೆ ಕುಷ್ಟಗಿಯ ಕಡೆಯಿಂದ ಒಂದು ಹೆಣ್ಣು ಬಂದಿದೆ, ಅದನ್ನು ನೋಡುತ್ತಾರೆ. ನಾನು ಅವಸರ ಮಾಡುತ್ತಿಲ್ಲ. ಬೇಡವಾದರೆ ಬೇಡವೆಂದು ಬರೆಯಿರಿ, ನಾನು ಮತ್ತೊಮ್ಮೆ ಈ ಮಾತು ಎತ್ತುವುದಿಲ್ಲ. ಅವಳು ನಿಮ್ಮ ಮಗನ ಮನೆಯ ದೀಪ. ದೀಪವನ್ನು ಎತ್ತಿ ಬೇರೆಯವರಿಗೆ ಕೊಡಿರೆಂದು ಕೇಳುವುದು ನನಗೂ ಸುಲಭವಲ್ಲ.

ಗಾಯನಕ್ಕೆ ಹೋಗಿ ಬನ್ನಿರಿ. ಥಂಡಿಗೆ ಅವಳ ಕಿವಿ ಕಟ್ಟಿಸಿರಿ. ಚಿಕ್ಕಂದಿನಿಂದ ಅವಳಿಗೆ ಕಿವಿಯ ಬಾಧೆಯಿದೆ.

ಶರಣು ಹೇಳುವ
ಲಕ್ಷ್ಮವ್ವ


ಪ್ರತಾಪ ನಗರ, ನಾಗಪುರ
೨೯ ಜನವರಿ ೧೯೮೫

ಲಕ್ಷ್ಮವ್ವನವರಿಗೆ ಕಲಾವತಿಯ ಶರಣು.

ಕಿವಿ ಕಟ್ಟಿಸಿಯೇ ಕರೆದುಕೊಂಡು ಹೋಗಿದ್ದೆ. ಶನಿವಾರ, ರವಿವಾರ ಎರಡು ದಿನ ತಿರುಗಿ ಬಂದೆವು. ಅದನ್ನೇ ಬರೆಯುತ್ತೇನೆ. ಬೇರೆ ಮಾತು ಬರೆಯಲು ಕೂತರೆ ಪೆನ್ನು ನಿಲ್ಲುತ್ತದೆ.

ಶನಿವಾರ ಝೆಂಡಾ ವಂದನ ಮುಗಿಸಿಕೊಂಡು ಉತ್ತಪ್ಪ ಯಾರದೋ ಮೆಟಡೋರ್ ಗಾಡಿ ತಂದ. ಪೊನ್ನಮ್ಮ ಮುಂದೆ ಕುಳಿತಿದ್ದಳು. ಹಿಂದೆ ಬಿಂದುಮಾಧವ, ನಮ್ಮವರ ಆಫೀಸಿನ ಗೆಳೆಯ, ಧಾರವಾಡದವರು. ಮಹಾಲ್‌ನಲ್ಲಿ ಮನೆ. ಸಂಗೀತ ಎಂದರೆ ಪ್ರಾಣ. ವರ್ಷವೂ ಆ ವಾಡೆಯಲ್ಲಿ ಗಾಯನ ಮಾಡಿಸುವವರು ಅವರೇ. ನಮ್ಮವರನ್ನೂ ಕರೆದರು. "ನೀವು ಹೋಗಿ ಬರ್ರಿ" ಎಂದರು ಇವರು. ಆ ದಿನ ಇವರು ಆಡಿದ ಮಾತು ಅದೊಂದೇ.

ಅಂಬಾಝರಿ ಕೆರೆಯ ದಂಡೆಯಲ್ಲಿ ಕುಳಿತು ಕಿತ್ತಳೆ ತಿಂದೆವು. ಬಿಸಿಲು ಚಲೋ ಇತ್ತು. ಪೊನ್ನಮ್ಮ, "ನೋಡಿ ಅಕ್ಕ, ಎಷ್ಟು ಚೆನ್ನಾಗಿದೆ" ಎಂದಳು. ಹೌದು ಎಂದೆ. ಚೆನ್ನಾಗಿಯೇ ಇತ್ತು. ಪಟದಲ್ಲಿಯ ಕೆರೆ ನೋಡಿದಂತಿತ್ತು ನನಗೆ.

ಸಂಜೆ ವಾಡೆಗೆ ಹೋದೆವು. ಸಣ್ಣ ಓಣಿ, ಸೈಕಲ್ಲು ಸ್ಕೂಟರುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಕಾಲಿಟ್ಟರೆ ದೊಡ್ಡ ಅಂಗಳ, ಸುತ್ತಲೂ ಕಟ್ಟಿಗೆಯ ಕಂಬ. ಜಮಖಾನೆ ಹಾಸಿದ್ದರು. ಹಾಡುವವರು ವಯಸ್ಸಾದವರು, ಮಿರಜ ಕಡೆಯವರಂತೆ. ಎಲ್ಲರೂ ಅವರನ್ನು ಬುವಾ ಅನ್ನುತ್ತಿದ್ದರು. ನಾನು ಹಳ್ಳಿಯಲ್ಲಿ ಭಜನೆ ಕೇಳಿ ಬೆಳೆದವಳು. ಒಂದೇ ಸಾಲನ್ನು ಇಷ್ಟು ಹೊತ್ತು ಜಗ್ಗುತ್ತಾರಲ್ಲ ಎನಿಸಿತು. ಕನ್ನಡದವರು ಬಂದಿದ್ದಾರೆಂದು ಬಿಂದುಮಾಧವ ಹೋಗಿ ಕಿವಿಯಲ್ಲಿ ಹೇಳಿದ್ದಕ್ಕೆ ನಡುವೆ ಒಂದು ಕನ್ನಡ ಪದವನ್ನೂ ಹಾಡಿದರು, ಶಿವನ ಮೇಲಿನದು. ಬಿಂದುಮಾಧವ ಕಣ್ಣು ಒರೆಸಿಕೊಂಡರು. ಪೊನ್ನಮ್ಮ ಓರೆಗಣ್ಣಿನಿಂದ ನನ್ನನ್ನು ನೋಡಿದಳು, ನಾನು ಅತ್ತೆನೋ ಎಂದು. ನನಗೆ ಮಂಡಿ ನೋಯುತ್ತಿತ್ತು. ಶಿವನ ಪದ ಕಿವಿಯ ತನಕ ಬಂತು, ಒಳಗೆ ಬರಲಿಲ್ಲ. ಪಾಪ, ಬುವಾ ಅವರ ತಪ್ಪೇನಿಲ್ಲ.

ರವಿವಾರ ಬೆಳಿಗ್ಗೆ ರಾಮಟೇಕ. ವಿಮಲಾ ನಸುಕಿನಲ್ಲಿಯೇ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಎಣ್ಣೆಗಾಯಿ ಪಲ್ಯ ಕಟ್ಟಿಕೊಂಡಿದ್ದಳು. ಗುಡ್ಡ ಹತ್ತಿದೆವು. ಮಂಗ ಬಂದು ಉತ್ತಪ್ಪನ ಕೈಯಲ್ಲಿಯ ತೆಂಗಿನಕಾಯಿ ಕಸಿಯಿತು. "ಸುಬೇದಾರ್ ಸಾಹೇಬರೇ, ಪಾಕಿಸ್ತಾನದ ಮುಂದೆ ನಿಂತೋರು ಮಂಗದ ಮುಂದೆ ಓಡ್ತೀರಲ್ಲ" ಎಂದಳು ಪೊನ್ನಮ್ಮ. "ಪಾಕಿಸ್ತಾನ ತೆಂಗಿನಕಾಯಿ ಕೇಳಲ್ಲ ಕಣೇ" ಎಂದ ಅವನು. ದೇವರ ಮುಂದೆ ಎಲ್ಲರೂ ಏನೋ ಬೇಡಿಕೊಂಡರು. ನಾನು ಕೈ ಮುಗಿದು ನಿಂತೆ. ಬೇಡಲು ಏನೂ ನೆನಪಾಗಲಿಲ್ಲ. ಹಿಂದಿನವರು ದೂಕಿದ ಮೇಲೆ ಮುಂದೆ ಹೋದೆ.

ಅಲ್ಲಿಂದ ಖಿಂಡ್ಸಿ ಕೆರೆ. ದೋಣಿ ಹತ್ತಿದೆವು. ನಡುನೀರಿನಲ್ಲಿ ದೋಣಿ ಸ್ವಲ್ಪ ವಾಲಿತು. ಬಿಂದುಮಾಧವ ಹೆದರಿ ಹಲಗೆ ಹಿಡಿದುಕೊಂಡರು. ಉತ್ತಪ್ಪ ಅವರನ್ನು ಕೆಣಕಲು, "ನನಗೆ ಈಜು ಬರುತ್ತೆ, ಆದ್ರೆ ಒಬ್ಬರನ್ನೇ ಎತ್ತೋಕಾಗೋದು. ಈಗಲೇ ಹೇಳಿಬಿಡಿ, ಯಾರನ್ನ ಎತ್ತಲಿ?" ಎಂದ. ಯಾರೂ ಬಾಯಿ ತೆರೆಯುವ ಮೊದಲೇ ವಿಮಲಾ, "ಅಣ್ಣಾರ, ಮೊದಲ ರೊಟ್ಟಿ ಬುಟ್ಟಿ ಎತ್ತರಿ. ನಾವು ಹೆಂಗರ ದಂಡಿಗೆ ಬರತೇವಿ" ಎಂದಳು.

ಎಲ್ಲರೂ ನಕ್ಕರು. ದೋಣಿಯವನಿಗೆ ಕನ್ನಡ ತಿಳಿಯದಿದ್ದರೂ ಅವನೂ ನಕ್ಕ. ವಿಮಲಾಳೂ ನಕ್ಕಳು, ಹಲ್ಲು ಕಾಣುವಂತೆ. ನಗುತ್ತ ನಗುತ್ತ ನನ್ನ ಕಡೆ ತಿರುಗಿದಳು. ತಿರುಗಿದವಳೇ ನಳ ಬಂದ್ ಮಾಡಿದಂತೆ ನಗು ನಿಲ್ಲಿಸಿದಳು.

ಲಕ್ಷ್ಮವ್ವನವರೇ, ನಾನು ಮುಖ ಸಿಂಡರಿಸಿರಲಿಲ್ಲ. ದೇವರಾಣೆಗೂ ಇಲ್ಲ. ಸುಮ್ಮನೆ ಕುಳಿತಿದ್ದೆ. ಸುಮ್ಮನೆ ಕುಳಿತ ನನ್ನ ಮುಖ ಹೇಗೆ ಕಾಣುತ್ತದೋ ನನಗೆ ಗೊತ್ತಿಲ್ಲ. ಅವಳಿಗೆ ಗೊತ್ತಿದೆ. ದಿನವೂ ಅದನ್ನೇ ನೋಡುತ್ತಾಳೆ.

ಊಟ ಮಾಡುವಾಗ ಪೊನ್ನಮ್ಮ ಎರಡು ಸಲ ಅವಳನ್ನು ಮಾತಿಗೆ ಎಳೆದಳು. ಹೂಂ, ಉಹುಂ ಅಷ್ಟೇ.

ಸಂಜೆ ಮತ್ತೆ ವಾಡೆ. ಆ ದಿನ ಕೊನೆಯ ಬೈಠಕ್. ಇಲ್ಲಿಯ ಮರಾಠಿ ಹೆಂಗಸರು ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ಮನೆಗೆ ಬಂದ ಮುತ್ತೈದೆಯರಿಗೆ, ಕನ್ಯೆಯರಿಗೆ ಅರಿಸಿಣ ಕುಂಕುಮ ಹಚ್ಚಿ, ಎಳ್ಳಿನ ಉಂಡೆ ಕೊಟ್ಟು, ಕೈಯಲ್ಲೊಂದು ಸಣ್ಣ ಸಾಮಾನು ಇಡುತ್ತಾರೆ. ವಾಡೆಯ ಯಜಮಾನಿ ಮುದುಕಿ, ಎಲ್ಲರೂ ಆಯಿ ಅನ್ನುತ್ತಾರೆ, ಬಾಗಿಲಲ್ಲಿಯೇ ತಾಟು ಹಿಡಿದು ನಿಂತಿದ್ದರು. ಪೊನ್ನಮ್ಮನಿಗೆ ಹಚ್ಚಿದರು, ನನಗೆ ಹಚ್ಚಿದರು. ನನ್ನ ಹಿಂದೆ ವಿಮಲಾ. ಶಾಲು ಕುತ್ತಿಗೆಯ ತನಕ ಹೊದ್ದಿದ್ದಳು, ತಾಳಿಯಿಲ್ಲದ ಕೊರಳು ಕಾಣುತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿ ಇತ್ತು. ನಮ್ಮಲ್ಲಿ ಹಿರಿಯರು ಕಿರಿಯರು, ಗಂಡ ಇದ್ದವರು ಇಲ್ಲದವರು, ಎಲ್ಲರೂ ವಿಭೂತಿ ಹಚ್ಚುತ್ತೇವೆ. ಆಯಿಗೆ ಅದರಿಂದ ಏನೂ ಗೊತ್ತಾಗಲಿಲ್ಲ. ನಾನು ಹಿಂದಿರುಗಿ ನೋಡುವಷ್ಟರಲ್ಲಿ ವಿಭೂತಿಯ ಕೆಳಗೆ ಕುಂಕುಮ ಇಟ್ಟುಬಿಟ್ಟಿದ್ದರು.

ವಿಮಲಾ ಕಲ್ಲಿನಂತೆ ನಿಂತಳು. ಪೊನ್ನಮ್ಮ ನನ್ನ ಕೈ ಹಿಡಿದಳು. ಬಿಂದುಮಾಧವ ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದರು.

"ಹೀ ಕೋಣ? ಮುಲ್ಗೀ ಕಾ?" ಎಂದರು ಆಯಿ. ಇವಳು ಯಾರು, ಮಗಳೇ ಎಂದು.

"ಹೋ, ಮುಲ್ಗೀ" ಎಂದೆ.

ಎಳ್ಳಿನ ಉಂಡೆ ಅವಳ ಕೈಗೆ ಹಾಕುತ್ತ, ಎಲ್ಲಿಯಾದರೂ ಕೊಟ್ಟಿದ್ದೀರೋ ಎಂದು ಕೇಳಿದರು.

"ಅಜೂನ್ ನಾಹೀ" ಎಂದೆ. ಇನ್ನೂ ಕೊಟ್ಟಿಲ್ಲ ಎಂದೆ.

ಈ ಮಾತು ಎಲ್ಲಿಂದ ಬಂತೋ ನನಗೆ ತಿಳಿಯದು. ಮೂವತ್ತು ವರ್ಷ ಈ ಊರಿನಲ್ಲಿದ್ದರೂ ನನ್ನ ಮರಾಠಿ ಕಾಯಿಪಲ್ಯೆ ಕೊಳ್ಳುವಷ್ಟೇ. ಆ ಹೊತ್ತಿನಲ್ಲಿ ತಡವರಿಸಲಿಲ್ಲ. "ಚಾಂಗಲೀ ಆಹೇ", ಚಲೋ ಹುಡುಗಿ ಎಂದು ಆಯಿ ಅವಳ ಗಲ್ಲ ಮುಟ್ಟಿ, ಒಂದು ಸ್ಟೀಲ್ ಬಟ್ಟಲು ಕೊಟ್ಟು ಹಿಂದಿನವರ ಕಡೆ ತಿರುಗಿದರು. ಅವರ ಕೆಲಸ ಅವರಿಗೆ.

ಒಳಗೆ ಕುಳಿತೆವು. ವಿಮಲಾ ನನ್ನ ಎಡಕ್ಕೆ. ಬುವಾ ಶುರು ಮಾಡಿ ಸ್ವಲ್ಪ ಹೊತ್ತಿಗೆ ನನ್ನ ಭುಜಕ್ಕೆ ಭಾರ ಬಂತು. ನೋಡಿದರೆ ಅವಳಿಗೆ ನಿದ್ದೆ ಹತ್ತಿದೆ. ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ ಸಣ್ಣಗೆ ಗೊರಕೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಎಬ್ಬಿಸಲು ಕೈ ಎತ್ತಿದೆ. ಬಿಂದುಮಾಧವ ಬಾಗಿ, "ವೈನಿ, ಎಬ್ಬಸಬ್ಯಾಡ್ರಿ. ಬುವಾ ಅವರಿಗೆ ಇದಕ್ಕಿಂತ ದೊಡ್ಡ ಕಾಣಿಕಿ ಯಾರೂ ಕೊಟ್ಟಿರಲಿಕ್ಕಿಲ್ಲ" ಎಂದರು.

ಭೈರವಿ ಹಾಡಿ ಮುಗಿಸುವ ತನಕ ಅವಳು ಏಳಲಿಲ್ಲ. ನಾನು ಕದಲಲಿಲ್ಲ. ಏನು ಹಾಡಿದರೆಂದು ಕೇಳಿದರೆ ಹೇಳಲಾರೆ. ಒಂದು ವರ್ಷದ ನಿದ್ದೆ ಮಾಡುತ್ತಿದ್ದಾಳೆ ಎಂದಷ್ಟು ತಿಳಿಯಿತು.

ಬರುವಾಗ ಗಾಡಿಯಲ್ಲಿ ವಿಮಲಾ ನನ್ನ ಕಿವಿಯ ಹತ್ತಿರ ಬಂದು, "ಅತ್ತೀ, ಸುಳ್ಳ ಯಾಕ ಹೇಳಿದ್ರಿ?" ಎಂದಳು.

"ಯಾವುದು ಸುಳ್ಳ?"

"ಕೊಟ್ಟಿಲ್ಲ ಅಂದದ್ದು."

"ಮಗಳು ಅಂದದ್ದಲ್ಲೇನು?"

"ಅದು ಇರ್ಲಿ" ಎಂದಳು.

ಮನೆ ಬರುವ ಮೊದಲು ಶಾಲಿನ ಅಂಚಿನಿಂದ ಹಣೆ ತಿಕ್ಕಿಕೊಂಡಳು. ನಾನು ಒರೆಸು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಇಷ್ಟು ನಡೆಯಿತು. ಓದಿ ನನ್ನ ಮೇಲೆ ಸಿಟ್ಟಾದರೆ ಆಗಿರಿ.

ಇಂತು,
ಕಲಾವತಿ


ನರೇಗಲ್ಲ
೧೧ ಫೆಬ್ರುವರಿ ೧೯೮೫

ಕಲಾವತಿಯವರಿಗೆ ಶರಣು.

ಸಿಟ್ಟಾಗಲಿಲ್ಲ. ಓದಿ ಕಾಗದ ಮಡಚಿ ದೇವರ ಮಾಡದಲ್ಲಿ ಇಟ್ಟೆ. ರುದ್ರಪ್ಪ ತೀರಿಕೊಂಡಾಗ ಬಂದ ತಾರು ಕೂಡ ಅಲ್ಲಿಯೇ ಇದೆ.

ನಾನು ತಿಳಿದವಳಲ್ಲ, ಬಿಚ್ಚಿ ಕೇಳುತ್ತೇನೆ. ಇನ್ನೂ ಕೊಟ್ಟಿಲ್ಲ ಎಂದ ಮಾತು ಆ ಮರಾಠಿ ಮುದುಕಿಗೆ ಹೇಳಿದ್ದೋ, ಅಥವಾ ನನಗೆ ಬರೆದದ್ದೋ? ನನಗೆ ಬರೆದದ್ದಾದರೆ ಅದನ್ನೇ ಹೂಂ ಎಂದುಕೊಳ್ಳಲೇ?

ಗೊರಕೆ ಹೊಡೆದಳೆಂದು ಓದಿ ನಗು ಬಂತು. ಸಣ್ಣವಳಿದ್ದಾಗ ಗಿರಣಿಯ ಸಪ್ಪಳದಲ್ಲಿಯೂ ಹಾಗೆಯೇ ಮಲಗುತ್ತಿದ್ದಳು.

ಲಕ್ಷ್ಮವ್ವ


ಪ್ರತಾಪ ನಗರ, ನಾಗಪುರ
೨೨ ಫೆಬ್ರುವರಿ ೧೯೮೫

ಲಕ್ಷ್ಮವ್ವನವರಿಗೆ ಕಲಾವತಿಯ ಶರಣು.

ಶಿವರಾತ್ರಿಯ ಉಪವಾಸ ಮುಗಿಸಿ, ಮರುದಿನ ಅಟ್ಟದ ಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಅವಳಿಗೆ ಹೇಳಿದೆ. ನೀವು ಬೇಡವೆಂದಿದ್ದಿರಿ. ಆದರೆ ಬಾಳುವವಳು ಅವಳು. ಅವಳನ್ನು ಕೇಳದೆ ನಾವಿಬ್ಬರು ಹೂಂ ಉಹುಂ ಎಂದು ಬರೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಅವಳು ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. ಹೆಸರೇನು ಎಂದು ಕೇಳಲಿಲ್ಲ, ಊರು ಯಾವುದು ಎಂದು ಕೇಳಲಿಲ್ಲ.

"ಮಾತಾಡತಾರೇನು ಅವರು?" ಎಂದಳು.

"ಯಾರ ಕೂಡ?"

"ಯಾರ ಕೂಡರ. ಮನ್ಯಾಗ. ಸುಮ್ಮ ಸುಮ್ಮನ, ಕೆಲಸ ಇಲ್ಲದ ಮಾತು."

ಗೊತ್ತಿಲ್ಲ, ನಿಮ್ಮವ್ವನಿಗೆ ಬರೆದು ಕೇಳುತ್ತೇನೆ ಎಂದೆ. "ಹಂಗಾರ ಕೇಳ್ರಿ" ಎಂದಳು. ಇನ್ನೊಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡು, "ನಿಮ್ಮ ಮಗ ಬಾಳ ಮಾತಾಡತಿದ್ರು" ಎಂದಳು. ಖಾಪರಖೇಡಾದ ಕರೆಂಟಿನ ಕಾರಖಾನೆಯಿಂದ ಪಾಳಿ ಮುಗಿಸಿ ಬಂದವನು ಬೂಟು ಬಿಚ್ಚುವ ಮೊದಲೇ ಶುರು ಮಾಡುತ್ತಿದ್ದನಂತೆ. ಬಾಯ್ಲರಿನ ಹತ್ತಿರ ಯಾರು ಏನಂದರು, ಬಸ್ಸಿನಲ್ಲಿ ಯಾರು ಯಾರ ಜೊತೆ ಜಗಳಾಡಿದರು, ಎಲ್ಲ. ನನಗೆ ಇದು ಗೊತ್ತಿರಲಿಲ್ಲ. ನನ್ನ ಮುಂದೆ ಅವನು ಊಟಕ್ಕ ಹಾಕು ಎನ್ನುವುದಕ್ಕಿಂತ ಹೆಚ್ಚು ಆಡಿದವನಲ್ಲ. ಮಗನ ಬಗ್ಗೆ ಹೊಸ ಸಂಗತಿ ಕೇಳಿದರೆ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ.

ನಮ್ಮವರಿಗೆ ಸಂಜೆ ಹೇಳಿದೆ. ರೇಡಿಯೋದ ಮುಂದಿನಿಂದ ಎದ್ದರು. "ಸೀರಿ ನಾ ತರತೀನಿ" ಎಂದರು.

ಆದ್ದರಿಂದ ಬರೆಯುತ್ತಿದ್ದೇನೆ. ಹೂಂ. ಇದನ್ನು ಬರೆದರೆ ಸಂತೋಷವಾಗುತ್ತದೆಂದೋ ದುಃಖವಾಗುತ್ತದೆಂದೋ ಕಾದೆ. ಎರಡೂ ಆಗಲಿಲ್ಲ. ಸಂತೋಷದಿಂದ ಒಪ್ಪಿದೆ ಎಂದು ನೀವು ಊರಿನಲ್ಲಿ ಹೇಳಬೇಡಿರಿ. ಒಪ್ಪಿದೆ ಎಂದಷ್ಟೇ ಹೇಳಿರಿ. ನಗುವಾಗ ಅವಳು ನೋಡಬೇಕಾದ ಮುಖ ನನ್ನದಾಗಬಾರದು.

ಎರಡು ಮಾತು ಕೇಳಿಕೊಳ್ಳುತ್ತೇನೆ. ಒಂದು, ಆ ಮಾಸ್ತರ ಮಾತಾಡುತ್ತಾನೋ ಇಲ್ಲವೋ ಎಂದು ಖರೆ ಖರೆ ಬರೆಯಿರಿ. ಇನ್ನೊಂದು, ಉಡಕಿಯನ್ನು ಕತ್ತಲಾದ ಮೇಲೆ, ಬಾಗಿಲು ಮುಚ್ಚಿ, ನಾಲ್ಕು ಮಂದಿಯಲ್ಲಿ ಮುಗಿಸುವುದನ್ನು ನಾನು ನೋಡಿದ್ದೇನೆ. ಕಳ್ಳತನ ಮಾಡಿದಂತೆ. ವಿಮಲಾಳದು ಹಗಲಿನಲ್ಲಿ ಆಗಬೇಕು. ಅವಳು ಯಾರದನ್ನೂ ಕದ್ದಿಲ್ಲ.

ಇಂತು,
ಕಲಾವತಿ


ನರೇಗಲ್ಲ
೮ ಮಾರ್ಚ್ ೧೯೮೫

ಕಲಾವತಿಯವರಿಗೆ ಲಕ್ಷ್ಮವ್ವನ ಶರಣಾರ್ಥಿ.

ನಿಮ್ಮ ಕಾಗದ ಬಂದ ದಿನ ಒಲೆ ಹಚ್ಚಲಿಲ್ಲ. ಕೂತೇ ಇದ್ದೆ. ಏನು ಬರೆದರೂ ಕಡಿಮೆ.

ಗುಂಡಪ್ಪ ಮಾಸ್ತರನ ವಿಷಯ. ಅವನದು ಬಹಳ ಬಾಯಿ. ಬಜಾರಿಗೆ ಹೋದರೆ ಮಧ್ಯಾಹ್ನದ ತನಕ ಬರುವುದಿಲ್ಲವಂತೆ, ಕಂಡವರ ಜೊತೆಗೆಲ್ಲ ನಿಂತು ಮಾತಾಡುತ್ತಾನಂತೆ. ಅವನ ಅವ್ವನೇ ನನ್ನ ಮುಂದೆ, "ನಮ್ಮ ಗುಂಡನ ಬಾಯಿಗೆ ಬೀಗ ಇಲ್ಲರಿ, ಮೊದಲ ಹೇಳತೀನಿ, ಆಮ್ಯಾಲೆ ಅನಬ್ಯಾಡ್ರಿ" ಎಂದರು. ಇದನ್ನು ದೋಷವೆಂದು ಮುಚ್ಚಿಟ್ಟಿದ್ದೆ. ಈಗ ಬರೆಯುತ್ತಿದ್ದೇನೆ.

ಹಗಲಿನಲ್ಲಿ ಮಾಡುವುದಕ್ಕೆ ಹಿರಿಯರು ಮೊದಲು ಮೂಗು ಮುರಿದರು. ಮಾಸ್ತರನೇ ಎದ್ದು, ನಾನು ಹಗಲಿನಲ್ಲಿ ಹುಡುಗರಿಗೆ ಪಾಠ ಹೇಳುವವನು, ರಾತ್ರಿ ಬಾಗಿಲು ಮುಚ್ಚಿಕೊಂಡು ಮದುವೆಯಾಗಲೇ ಎಂದು ಕೇಳಿದನಂತೆ. ಆಮೇಲೆ ನಿಲ್ಲಿಸಲೇ ಇಲ್ಲವಂತೆ. ಅವನನ್ನು ಸುಮ್ಮನಾಗಿಸಲೆಂದೇ ಹಿರಿಯರು ಒಪ್ಪಿದರೆಂದು ಊರಿನಲ್ಲಿ ಹೇಳುತ್ತಾರೆ. ಬಸವ ಜಯಂತಿಯ ಮರುದಿನ, ಬೆಳಿಗ್ಗೆ.

ಕರೆತರಲು ಅವಳ ತಮ್ಮ ದತ್ತುವನ್ನು ಕಳಿಸುತ್ತೇನೆ. ಒಂದು ಮಾತು ನೆನಪಿಡಿರಿ. ಸೀರೆ ಉಡಿಸಿ, ಉಡಿ ತುಂಬಿದ ಮೇಲೆ ನೀವು ಬೆನ್ನು ತಿರುಗಿಸಿ ನಿಲ್ಲಬೇಕು. ಅವಳು ಹೊಸ್ತಿಲು ದಾಟಿ ಹೋಗುವುದನ್ನು ನೋಡಬಾರದು. ಹಳೆಯ ಮನೆಯ ಕಣ್ಣು ಬೆನ್ನು ಹತ್ತಿದರೆ ಹೊಸ ಮನೆಯಲ್ಲಿ ಕಾಲು ಊರುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ನಿಮಗೆ ಇಷ್ಟು ಹೇಳುವ ಹಕ್ಕು ನನಗಿಲ್ಲ. ಆದರೂ ಅವಳ ಸಲುವಾಗಿ ಹೇಳಬೇಕಾಗಿದೆ.

ನಿಮ್ಮ ಋಣದ
ಲಕ್ಷ್ಮವ್ವ


ಪ್ರತಾಪ ನಗರ, ನಾಗಪುರ
೯ ಏಪ್ರಿಲ್ ೧೯೮೫

ಲಕ್ಷ್ಮವ್ವನವರಿಗೆ ಕಲಾವತಿಯ ಶರಣು.

ಈ ಕಾಗದ ಮುಟ್ಟುವ ಮೊದಲು ಮಕ್ಕಳು ನಿಮ್ಮನ್ನು ಮುಟ್ಟಿರುತ್ತಾರೆ. ಸೊಲ್ಲಾಪುರದಲ್ಲಿ ಗಾಡಿ ಬದಲಿಸುವಾಗ ಜೋಕೆ ಎಂದು ನಮ್ಮವರು ದತ್ತುವಿಗೆ ಹತ್ತು ಸಲ ಹೇಳಿದ್ದಾರೆ.

ಸೀರೆ ಅವರೇ ತಂದರು. ಉಡಕಿಗೆ ಸಾದಾ ಸೀರೆ ಸಾಕೆಂದು ಅಂಗಡಿಯವನಿಗೆ ಹೇಳಿರೆಂದಿದ್ದೆ. ಹಸಿರು ತಂದರು, ಜರಿ ಅಂಚಿನದು.

ಪೊನ್ನಮ್ಮ ಬೆಳಿಗ್ಗೆಯೇ ಬಂದಳು. ವಿಮಲಾ ಸ್ನಾನ ಮಾಡಿ ಬಂದು ದೇವರ ಮುಂದೆ ನಿಂತಳು. ಉಡಿಸಿದೆ. ನೆರಿಗೆ ಹಿಡಿಯುವಾಗ ಕೈ ನಡುಗೀತೆಂದು ಪೊನ್ನಮ್ಮ ಹತ್ತಿರವೇ ನಿಂತಿದ್ದಳು. ನಡುಗಲಿಲ್ಲ. ನೆರಿಗೆ ಚಲೋ ಬಂದವು. ಮಗನನ್ನು ಮಣ್ಣಿಗೆ ಒಯ್ಯುವ ಮೊದಲು ಅವನಿಗೆ ಅಂಗಿ ತೊಡಿಸಿದವಳೂ ನಾನೇ. ಆಗಲೂ ಈ ಕೈ ಹೀಗೆಯೇ ಇತ್ತು. ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ತುಂಬಿದೆ. ಅವಳು ಕಾಲು ಹಿಡಿದಳು. ಎತ್ತಿದೆ. "ಅತ್ತೀ" ಎಂದಳು. ಅವಳ ಸೆರಗು ಸರಿ ಮಾಡಿದೆ.

ಆಮೇಲೆ ಬೆನ್ನು ತಿರುಗಿಸುವ ಹೊತ್ತು ಬಂತು.

ಲಕ್ಷ್ಮವ್ವನವರೇ, ನಾನು ವ್ರತ ನೇಮ ಮುರಿದವಳಲ್ಲ. ಹಿರಿಯರು ಹೇಳಿದ್ದಕ್ಕೆ ಯಾಕೆ ಎಂದು ಕೇಳಿದವಳಲ್ಲ. ಗೋಡೆಯ ಕಡೆ ತಿರುಗಿದೆ. ಅವಳ ಚಪ್ಪಲಿಯ ಸಪ್ಪಳ ಕೇಳಿತು, ದತ್ತು ಪೆಟ್ಟಿಗೆ ಎತ್ತಿದ್ದು ಕೇಳಿತು. ಆಗ ನನಗೆ ಒಂದು ವಿಚಾರ ಬಂತು. ರುದ್ರಪ್ಪನನ್ನು ಎತ್ತಿಕೊಂಡು ಹೋಗುವಾಗಲೂ ಹೆಂಗಸರು ನನ್ನನ್ನು ಹೀಗೆಯೇ ಗೋಡೆಯ ಕಡೆ ತಿರುಗಿಸಿ ಹಿಡಿದುಕೊಂಡಿದ್ದರು, ನೋಡಬಾರದೆಂದು. ಅವನು ಹೋಗಿದ್ದನ್ನು ನಾನು ನೋಡಲೇ ಇಲ್ಲ. ಅದಕ್ಕೇ ಏನೋ, ಒಂದೂವರೆ ವರ್ಷದಿಂದ ಅವನು ಹೋದದ್ದು ನನ್ನ ಪಾಲಿಗೆ ಮುಗಿದೇ ಇಲ್ಲ.

ತಿರುಗಿದೆ. ಪೊನ್ನಮ್ಮ, "ಅಕ್ಕ, ಬೇಡ" ಎಂದಳು. ಚಪ್ಪಲಿ ಮೆಟ್ಟಿಕೊಂಡು ನಾನೂ ಆಟೋ ಹತ್ತಿದೆ. ನಮ್ಮವರು ಸರಿದು ಜಾಗ ಕೊಟ್ಟರು.

ಸ್ಟೇಷನ್ನಿನಲ್ಲಿ ಗಾಡಿ ನಿಂತಿತ್ತು. ನಮ್ಮವರು ಒಳಗೆ ಹೋಗಿ ಸೀಟು ತೋರಿಸಿ ಬಂದರು. ನಾನು ಪ್ಲಾಟ್‌ಫಾರ್ಮಿನ ಮೇಲೆ ನಿಂತೆ, ಮುಖ ಗಾಡಿಯ ಕಡೆ ಮಾಡಿ. ಗಾಡಿ ಬಿಟ್ಟಿತು. ಕಾಣುವಷ್ಟು ದೂರ ನೋಡಿದೆ. ರೆಪ್ಪೆ ಬಡಿಯಲಿಲ್ಲ. ಕಣ್ಣು ಉರಿದವು. ಆಮೇಲೆ ಎಷ್ಟೋ ತಿಂಗಳಿಂದ ಬಾರದ್ದು ಬಂತು, ಎಲ್ಲರ ಮುಂದೆ, ಹಮಾಲರ ನಡುವೆ. ನಮ್ಮವರು ನನ್ನ ಮುಂದೆ ಅಡ್ಡ ನಿಂತರು, ಯಾರಿಗೂ ಕಾಣದ ಹಾಗೆ. ಸ್ವಲ್ಪ ಹೊತ್ತಿಗೆ ನಿಂತಿತು. ಈಗ ಮತ್ತೆ ಮೊದಲಿನ ಹಾಗೆಯೇ ಇದ್ದೇನೆ.

ನಿಮ್ಮ ಮಾತು ಮೀರಿದ್ದೇನೆ. ಮುಚ್ಚಿಡುವುದು ನನಗೆ ಬರುವುದಿಲ್ಲ, ಅದಕ್ಕೆ ಬರೆದೆ. ಅದರಿಂದ ಅವಳಿಗೆ ಏನಾದರೂ ಆದರೆ ಆ ಪಾಪ ನನ್ನ ತಲೆಗೆ ಬರಲಿ ಎಂದು ಶಿವನಿಗೆ ಹೇಳಿದ್ದೇನೆ. ಆದರೆ ನೀವು ಚಿಂತೆ ಮಾಡಬೇಡಿರಿ. ನಾನು ಎಷ್ಟು ನೋಡಿದರೂ ಗಾಡಿ ಹತ್ತಿದ ಮೇಲೆ ಅವಳು ಒಮ್ಮೆಯೂ ನನ್ನ ಕಡೆ ತಿರುಗಿ ನೋಡಲಿಲ್ಲ. ಕಿಟಕಿಯ ಸೀಟಿಗಾಗಿ ತಮ್ಮನ ಜೊತೆ ಜಗಳಾಡುತ್ತಿದ್ದಳು.

ಇಂತು,
ಕಲಾವತಿ